ಇಟಲಿಯಲ್ಲಿ ಕಡಿದ ತೋಳು

ಕತ್ತರಿ ಹಿಡಿದ ಕೈ ತನ್ನದೇ, ಅದರಲ್ಲಿ ಅನುಮಾನವಿಲ್ಲ. ಬೆರಳಿನ ಉಂಗುರ ಮದುವೆಯಲ್ಲಿ ಮಾವ ಹಾಕಿದ್ದು. ಆದರೆ ಆ ಮುಖ? ಫ್ಲೆಕ್ಸ್ ಮಾಡಿದವ ಗಲ್ಲಕ್ಕೆ ಗುಲಾಬಿ ಬಣ್ಣ ಬಳಿದಿದ್ದ, ತಲೆಯ ಬಿಳಿ ಕೂದಲನ್ನೆಲ್ಲ ಒರೆಸಿ ಹಾಕಿದ್ದ. ಕಾಗವಾಡದ ಸರ್ಕಲ್ಲಿನಲ್ಲಿ ಬೈಕು ನಿಲ್ಲಿಸಿ, ಒಂದು ಕಾಲು ಕೆಳಗೂರಿ, ದುಂಡೇಶ ತಲೆಯೆತ್ತಿ ತನ್ನನ್ನೇ ನೋಡಿದ. ಮೇಲಿನವನು ನಗುತ್ತಿದ್ದ.

‘ಇಟಲಿ ದೇಶದ ರೈತರಿಗೆ ದ್ರಾಕ್ಷಿ ಬಳ್ಳಿ ಸವರುವ ಚಾಟ್ನಿ ವಿದ್ಯೆ ಕಲಿಸಿ ಬಂದ ನಮ್ಮ ಹೆಮ್ಮೆಯ ಪ್ರಾಧ್ಯಾಪಕರಿಗೆ ಹಾರ್ದಿಕ ಸ್ವಾಗತ.’

ಕೆಳಗೆ ಅದೇ ಮಾತು ಮರಾಠಿಯಲ್ಲಿ. ಸುಳ್ಳಿಗೆ ಗಡಿಯ ತಂಟೆಯಿಲ್ಲ. ಅದರ ಕೆಳಗೆ ಶುಭ ಕೋರುವವರ ಇಪ್ಪತ್ತೆಂಟು ಮುಖಗಳು, ಅರ್ಧದಷ್ಟು ಕಪ್ಪು ಕನ್ನಡಕದಲ್ಲಿ.

ಜುಲೈ ಮೊದಲ ವಾರದ ಜಿಟಿಜಿಟಿ ಮಳೆ. ಜೇಬಿನಲ್ಲಿ ಮೊಬೈಲು ಒದರಿತು. ಹೆಂಡತಿ ಉಜ್ವಲಾ.

“ರೀ, ಎಲ್ಲಿದ್ದೀರಿ? ಸತ್ಕಾರದ ಹಾಲಿನಾಗ ಮಂದಿ ತುಂಬೇತಿ. ಅಪ್ಪಾ ಹತ್ತ ಸಲ ಕೇಳಿದ್ರು.”

“ಬಂದ್ನಿ.”

“ಬಿಳಿ ಜುಬ್ಬಾನ ಹಾಕ್ಕೊಂಡೀರಲ್ಲ?”

“ಹೂಂ.”

“ಮತ್ತ, ಅದೇನರ ಹುಚ್ಚುಚ್ಚಾರ ಮಾತಾಡಬ್ಯಾಡ್ರಿ. ರಾತ್ರಿ ನನ್ನ ಮುಂದ ಹೇಳಿದ್ರಲ್ಲ, ಅದು.”

ದುಂಡೇಶ ಫೋನು ಇಟ್ಟ. ರಾತ್ರಿ ಹೇಳಿದ್ದು ಹುಚ್ಚು ಮಾತಲ್ಲ. ಅವನು ಇಟಲಿಯಿಂದ ತಂದ ಸಾಮಾನಿನಲ್ಲಿ ಖರೆ ಎನ್ನುವುದು ಅದೊಂದೇ ಇತ್ತು.

ಚಿಕ್ಕೋಡಿಯ ಕಾಲೇಜೊಂದರಲ್ಲಿ ಅವನು ಸಸ್ಯಶಾಸ್ತ್ರ ಕಲಿಸುತ್ತಾನೆ. ಊರ ಹತ್ತಿರ ನಾಲ್ಕು ಎಕರೆ ದ್ರಾಕ್ಷಿಯೂ ಇದೆ. ಓದಿದವನೂ ಹೌದು, ಬೆಳೆಯುವವನೂ ಹೌದು ಎಂದು ಬೆಳೆಗಾರರ ಸಂಘದವರು ಜೂನ್ ತಿಂಗಳ ಕೊನೆಗೆ ಇಟಲಿಗೆ ಹೊರಟಾಗ ಅವನನ್ನೂ ಕರೆದುಕೊಂಡರು. ಸಂಘದ ಅಧ್ಯಕ್ಷ ಅಣ್ಣಾಸಾಬ ಅವನ ಸೋದರಮಾವ, ಉಜ್ವಲಾಳ ಅಪ್ಪ. ಹೀಗಾಗಿ ಒಲ್ಲೆ ಅನ್ನುವ ಮಾತೇ ಇರಲಿಲ್ಲ.

ಎಂಟು ದಿನ, ಮೂವತ್ತು ಜನ. ಐದನೆಯ ದಿನ ಮಧ್ಯಾಹ್ನ ಅವನು ಗುಂಪಿನಿಂದ ತಪ್ಪಿಸಿಕೊಂಡು ಒಂದು ಸಣ್ಣ ಊರಿನ ಕಲ್ಲುಮೆಟ್ಟಿಲ ಮೇಲೆ ಎರಡು ತಾಸು ಕುಳಿತಿದ್ದ. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು, ಊರಿಗೆ ಊರೇ ಮಲಗಿತ್ತು. ಹಾದು ಹೋದವರಲ್ಲಿ ಒಬ್ಬನೂ ಅವನನ್ನು ಯಾವೂರು ಎನ್ನಲಿಲ್ಲ, ಯಾರ ಪೈಕಿ ಎನ್ನಲಿಲ್ಲ. ಜೀವಮಾನದಲ್ಲಿ ಅಷ್ಟು ಹಗುರ ಅನ್ನಿಸಿದ್ದೇ ಇಲ್ಲ. ನಾನು ಯಾರೂ ಅಲ್ಲ, ಎಂಥಾ ಸುಖ ಅಪ್ಪಾ ಇದು, ಅಂದುಕೊಂಡ.

ಮರುದಿನವೇ ಅವನು ಯಾರೋ ಆಗಿಬಿಟ್ಟ.

ಅದು ಒಬ್ಬ ಮುದುಕನ ತೋಟ. ಬಳ್ಳಿಗಳಿಗೆ ನಲವತ್ತು ವರ್ಷ ವಯಸ್ಸು. ಕಾಂಡದಿಂದ ಎಡಕ್ಕೊಂದು ಬಲಕ್ಕೊಂದು, ಮನುಷ್ಯನ ತೋಳಿನಷ್ಟು ದಪ್ಪ ಕೊಂಬೆ. ಅದಕ್ಕೆ ತೋಳೆಂದೇ ಹೆಸರು. ಅದರ ತುಂಬ ಜೋಳದ ಕಾಳಿನಷ್ಟು ಹಸಿರು ಕಾಯಿ. ಅಲ್ಲಿ ವರ್ಷಕ್ಕೆ ಒಂದೇ ಚಾಟ್ನಿ, ಅಂದರೆ ಒಂದೇ ಸಲ ಕತ್ತರಿ. ಅದೂ ಚಳಿಗಾಲದಲ್ಲಿ, ಬಳ್ಳಿ ಮಲಗಿದಾಗ. ನಮ್ಮ ಕಡೆಯ ಬಳ್ಳಿಗೆ ಎಲ್ಲಿಯ ನಿದ್ದೆ! ಎಪ್ರಿಲಿನಲ್ಲಿ ಒಮ್ಮೆ ಬೋಳಿಸು, ಅಕ್ಟೋಬರಿನಲ್ಲಿ ಮತ್ತೊಮ್ಮೆ ಬೋಳಿಸು, ಮೊಗ್ಗಿಗೆ ಔಷಧ ಹಚ್ಚಿ ಏಳೇಳು ಎಂದು ಎಬ್ಬಿಸು. ಕಡಿದ ಹದಿನೈದು ದಿನಕ್ಕೆ ಚಿಗುರದಿದ್ದರೆ ಅದೇನು ದ್ರಾಕ್ಷಿಯೇ ಎಂದು ಬೈಯುವ ಜನ ನಾವು.

ಇಷ್ಟೂ ದುಂಡೇಶನಿಗೆ ಗೊತ್ತಿತ್ತು. ಹದಿನೇಳು ವರ್ಷದಿಂದ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸಿದ್ದಾನೆ.

ನಿಮ್ಮ ದೇಶದಲ್ಲಿ ಹೇಗೆ ಕತ್ತರಿಸುತ್ತೀರಿ ಎಂದು ಗೈಡ್ ಹುಡುಗಿ ಸುಮ್ಮನೆ ಮಾತಿಗೆ ಕೇಳಿದಳು. “ತೋರ್ಸಲೇ ದುಂಡೇಶ!” ಎಂದ ಅಣ್ಣಾಸಾಬ. “ತೋರ್ಸ್ರಿ ಸರ್, ತೋರ್ಸ್ರಿ” ಎಂದು ಉಳಿದವರು ಮೊಬೈಲು ಎತ್ತಿದರು. ಮುದುಕನ ಕೈಗಾಡಿಯಲ್ಲಿ ಉದ್ದ ಹಿಡಿಯ ಕತ್ತರಿ ಇತ್ತು. ಇಪ್ಪತ್ತೊಂಬತ್ತು ಮೊಬೈಲುಗಳ ಮುಂದೆ ಹದಿನೇಳು ವರ್ಷದ ಪಾಠ ಎಲ್ಲಿ ಹಾರಿಹೋಯಿತೋ! ಕೈ ತಾನಾಗಿ ಮುಂದೆ ಹೋಯಿತು. ಕಟ್ ಎಂದಿತು. ಕಾಯಿ ಸಮೇತ ಇಡೀ ತೋಳು ಕೆಳಗೆ ಬಿತ್ತು.

ಎಲ್ಲರೂ ಚಪ್ಪಾಳೆ ತಟ್ಟಿದರು.

ಮುದುಕ ಬೈಯಲಿಲ್ಲ. ಅಳು ನುಂಗಿದಂಥ ಸಣ್ಣದೊಂದು ಸದ್ದು ಮಾಡಿದ, ಅಷ್ಟೆ. ಬಾಗಿ ಆ ಕೊಂಬೆ ಎತ್ತಿಕೊಂಡ, ಕಾಯಿ ಉದುರದಂತೆ ಎರಡೂ ಕೈಯಲ್ಲಿ ಹಿಡಿದು ಮನೆಯೊಳಗೆ ಹೋದ. ಮತ್ತೆ ಹೊರಗೆ ಬರಲಿಲ್ಲ. ಅವರಿಗೆ ಮೈ ಹುಷಾರಿಲ್ಲ ಎಂದಳು ಗೈಡ್. ಬಸ್ಸು ಹೊರಟಿತು. ಮುದುಕನ ಹೆಸರೇನೆಂದು ಕೇಳುವಷ್ಟು ಬುದ್ಧಿಯೂ ದುಂಡೇಶನಿಗೆ ಇರಲಿಲ್ಲ.

ಬೈದಿದ್ದರೆ ಆಗುತ್ತಿತ್ತು. ಕೆನ್ನೆಗೆ ಒಂದು ಬಿಟ್ಟಿದ್ದರೂ ಆಗುತ್ತಿತ್ತು.

ಈಗ ಇವತ್ತು ಸತ್ಕಾರ. ನಮ್ಮ ಕಡೆ ವಿದೇಶಕ್ಕೆ ಹೋಗಿ ಬಂದವನನ್ನು ಸುಮ್ಮನೆ ಮನೆ ಸೇರಗೊಡುವುದಿಲ್ಲ. ತಲೆಗೆ ಫೇಟಾ ಸುತ್ತಬೇಕು, ಶಾಲು ಹೊದಿಸಬೇಕು, ಅವನು ನಾಲ್ಕು ಮಾತಾಡಬೇಕು. ಇವತ್ತು ಆ ಫೋಟೋದ ಮುಂದೆ ಸುಮ್ಮನೆ ಕುಳಿತರೆ ಸಾಯುವತನಕ ತಾನು ಆ ಫೋಟೋ ಆಗಿಯೇ ಇರಬೇಕು. ಹೇಳುತ್ತೇನೆ. ಯಾರಪ್ಪ ಅಡ್ಡ ಬಂದರೂ ಹೇಳುತ್ತೇನೆ ಎಂದು ಬೈಕಿಗೆ ಕಿಕ್ ಹೊಡೆದ.

ಹಾಲಿನ ಬಾಗಿಲಲ್ಲೇ ಅಣ್ಣಾಸಾಬ ಅವನ ರಟ್ಟೆ ಹಿಡಿದ.

“ಏನಲೇ, ಉಜ್ವಲಾ ಏನೇನೋ ಹೇಳಾಕತ್ತಾಳ.”

“ಖರೇನ ಹೇಳ್ಯಾಳ ಮಾಮಾ.”

“ಒಂದ ಟೊಂಗಿ ಕಡಿದ್ರ ಏನ ಆಕ್ಕೈತಿ? ಆ ಮುದುಕ ಇಲ್ಲಿಗೆ ಬರ್ತಾನೇನ?”

“ಬರೂದಿಲ್ಲ. ಅದಕ್ಕ ನಾನ ಹೇಳಬೇಕು.”

“ಹೇಳಿ ಏನ ಗಂಟ ಕಟ್ಕೊಂತಿ? ಪ್ರವಾಸದಾಗ ಏನ ನೋಡಿದಿ, ಮುಂದಿನ ಸಲ ಹೋಗಾವ್ರಿಗೆ ಏನ ಉಪಯೋಗ, ಅದ ಹೇಳಿ ಇಳಿ.”

ಫೇಟಾ ಸುತ್ತುವವ ತಲೆಗೆ ಬಿಗಿದ. ಕಿವಿ ಅರ್ಧ ಮುಚ್ಚಿತು. ಹಾಲಿನ ಗದ್ದಲ ದೂರದ ಹೊಳೆಯ ಹಾಗೆ ಕೇಳತೊಡಗಿತು. ವೇದಿಕೆಯ ಹಿಂದೆ ಮತ್ತೆ ಅದೇ ಫೋಟೋ, ಇನ್ನೂ ದೊಡ್ಡದು. ಹೋಗುವವರಿಗೆಂದು ಅವನು ಬರೆದ ಸೂಚನೆಗಳ ಕಾಗದ ಜೇಬಿನಲ್ಲಿತ್ತು. ಮೈಕಿನ ಮುಂದೆ ನಿಂತು ಅದನ್ನೇ ಮೊದಲು ತೆಗೆದ.

“ಪಾಸ್‌ಪೋರ್ಟ ಒಳಗಿನ ಕಿಸೆದಾಗ ಇಟ್ಕೋರಿ. ಕಾಗದದ ರೈಲ್ವೆ ತಿಕೀಟು ತಗೊಂಡ್ರ ಸಾಲಂಗಿಲ್ಲ, ಹತ್ತೂಕ್ಕಿಂತ ಮೊದಲ ಸ್ಟೇಷನ್ನಿನ ಮಶೀನಿನಾಗ ತೂರಿಸಿ ಶಿಕ್ಕಾ ಹಾಕಿಸ್ಕೋಬೇಕು. ಕಾಫಿ ನಿಂತ ಕುಡೀರಿ, ಕುಂತ್ರ ತುಟ್ಟಿ. ಮಧ್ಯಾಹ್ನ ಅಂಗಡಿ ಮುಚ್ಚಿರ್ತಾವ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ರಿ.”

ಜನ ತಲೆದೂಗಿದರು. ಮುಂದಿನ ಸಾಲಿನವನೊಬ್ಬ ಬರೆದುಕೊಳ್ಳುತ್ತಿದ್ದ. ದುಂಡೇಶ ಕಾಗದ ಮಡಿಚಿದ.

“ಇನ್ನೊಂದ ಐತಿ. ಅಲ್ಲಿ ಯಾರ ಗಿಡಕ್ಕೂ ಕೈ ಹಚ್ಚಬ್ಯಾಡ್ರಿ. ಈ ಫೋಟೋ ಸುಳ್ಳ ಐತ್ರಿ. ನಾ ಅವರಿಗೇನೂ ಕಲಿಸಿಲ್ಲ. ನಲವತ್ತ ವರ್ಷ ಜ್ವಾಕಿ ಮಾಡಿದ ತೋಳು ಕಡದ ಒಗದ ಬಂದೀನಿ. ಗೊತ್ತಿದ್ದೂ ಕಡದೆ, ನೀವೆಲ್ಲಾ ನೋಡಾಕತ್ತಿದ್ರಿ ಅಂತ ಕಡದೆ. ಆ ಮುದುಕ ಅಳಾಕತ್ತಿದ್ದ, ನಾವು ಚಪ್ಪಾಳಿ ಹೊಡದ್ವಿ.”

ಬರೆದುಕೊಳ್ಳುತ್ತಿದ್ದವನ ಪೆನ್ನು ನಿಂತಿತು. ಆ ಒಂದು ಗಳಿಗೆ ದುಂಡೇಶನ ಎದೆ ಹಗುರಾಯಿತು, ಕಲ್ಲುಮೆಟ್ಟಿಲ ಮೇಲೆ ಕುಳಿತಾಗ ಆದ ಹಾಗೆ. ಬಯ್ಯಿರಿ, ಯಾರಾದರೂ ಒಬ್ಬರು ಬಯ್ಯಿರಿ ಎಂದು ಕಾದ.

ಅಣ್ಣಾಸಾಬ ಎದ್ದು ಮೈಕು ಕೈಗೆ ತೆಗೆದುಕೊಂಡ. ನಗುತ್ತಿದ್ದ.

“ನೋಡ್ರಿ, ಕಲತವರ ಅಂದ್ರ ಹಿಂಗಿರಬೇಕು! ಅಷ್ಟ ದೊಡ್ಡ ಕೆಲಸ ಮಾಡಿ ಬಂದಾರ, ಒಂದೀಟರ ಅಹಂಕಾರ ಐತೇನ್ರಿ? ಎಲ್ಲಾ ತಪ್ಪು ತಮ್ಮ ಮ್ಯಾಲೆ ಹಾಕ್ಕೊಳ್ಳಾಕತ್ತಾರ ನಮ್ಮ ಅಳಿಯಂದ್ರು. ಜೋರಾಗಿ ಚಪ್ಪಾಳಿ ಬರ್ಲಿ!”

ಬಂತು. ಎಂಥಾ ಚಪ್ಪಾಳೆ ಅಂತೀರಿ, ಇಟಲಿಯದು ಅದರ ಮುಂದೆ ಏನೂ ಅಲ್ಲ.

“ಮಾಮಾ, ನಾ ಖರೇನ ಹೇಳಾಕತ್ತೀನಿ!” ಎಂದು ದುಂಡೇಶ ಒದರಿದ. ಮೈಕು ಮಾವನ ಕೈಯಲ್ಲಿತ್ತು. ಮುಂದಿನ ಸಾಲಿನ ಹೆಂಗಸರು ಉಜ್ವಲಾಳ ಕಡೆ ತಿರುಗಿ ಮೆಚ್ಚಿಗೆಯಿಂದ ನಕ್ಕರು. ಅವಳು ತಲೆ ತಗ್ಗಿಸಿ ಸೆರಗಿನ ಅಂಚು ಹಿಂಡುತ್ತಿದ್ದಳು. ಯಾರೋ ಎದ್ದು, ಅಲ್ಲಿ ಸಂಡಾಸದಾಗ ನೀರ ಇರೂದಿಲ್ಲಂತಲ್ರಿ, ಹ್ಯಾಂಗ ಮಾಡೂದ್ರಿ ಸರ್ ಎಂದು ಕೇಳಿದ. ಇಡೀ ಹಾಲು ನಕ್ಕು ಹಗುರಾಯಿತು.

ದುಂಡೇಶ ಫೇಟಾ ತೆಗೆದು ಕುರ್ಚಿಯ ಮೇಲೆ ಇಟ್ಟ. ಶಾಲನ್ನೂ ಇಟ್ಟ. ಹಿಂಬಾಗಿಲಿಂದ ಇಳಿದ. ಹಿಂದಿನಿಂದ “ರೀ... ರೀ...” ಎಂದು ಉಜ್ವಲಾ ಕರೆದದ್ದು ಕೇಳಿಸಿತು. ತಿರುಗಲಿಲ್ಲ.

ಬೈಕಿನ ಹತ್ತಿರ ಒಬ್ಬ ನಿಂತಿದ್ದ. ತಲೆಗೆ ಹಳದಿ ರುಮಾಲು, ಹೆಗಲಿಗೆ ಕಂಬಳಿ. ಶೇಡಬಾಳದ ದಾರಿಯ ಲಗಮಣ್ಣ. ಕುರಿ ಕಾಯ್ದುಕೊಂಡಿದ್ದವನು, ಮೂರು ವರ್ಷದ ಹಿಂದೆ ಇದ್ದ ಒಂದೇ ಎಕರೆಗೆ ದ್ರಾಕ್ಷಿ ಹಾಕಿದ್ದ. ಏನಾದರೂ ಕೇಳಲು ಆಗಾಗ ದುಂಡೇಶನ ಮನೆಗೆ ಬರುತ್ತಿದ್ದ.

“ಸರ್, ಐದ ಮಿನಿಟು ನಮ್ಮ ತೋಟಕ್ಕ ಬರ್ಬೇಕ್ರಿ.”

“ಇವತ್ತ ಬ್ಯಾಡ ಲಗಮಣ್ಣ.”

“ಇವತ್ತ ಬರ್ಬೇಕ್ರಿ. ನಮ್ಮ ಮನಿಯಾಕಿ ಕೆಂಪವ್ವ ದಾರಿ ಕಾಯಾಕತ್ತಾಳ.”

ಬೈಕಿನ ಹಿಂದೆ ಕುಳಿತು ಲಗಮಣ್ಣ ಅವನ ಕಿವಿಗೆ ಬಾಯಿ ತಂದ.

“ನೀವು ಒಳಗ ಹಂಗ್ಯಾಕ ಹೇಳಿದ್ರಿ ಅಂತ ನನಗ ಗೊತ್ತಾತ್ರಿ.”

“ಏನ ಗೊತ್ತಾತು?”

“ಆ ಇಟಲಿ ಚಾಟ್ನಿ ಗುಟ್ಟ ಎಲ್ಲಾರ್ಗೂ ಹೇಳಿಬಿಟ್ರ ಎಲ್ಲಾರೂ ಮಾಡ್ತಾರ. ಆಮ್ಯಾಲೆ ಮಾಲಿಗೆ ರೇಟ ಎಲ್ಲಿರ್ತೈತ್ರಿ?” ಎಂದು ನಕ್ಕ. “ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ. ಆಣಿ.”

ದುಂಡೇಶ ಬೈಕಿನ ವೇಗ ಹೆಚ್ಚಿಸಿದ.

ತೋಟ ದೂರದಿಂದಲೇ ಕಂಡಿತು. ಕಂಡಿತು ಅನ್ನುವುದು ತಪ್ಪು. ಅದರ ಆಚೆಯ ಕಬ್ಬು ಕಂಡಿತು. ಜುಲೈ ತಿಂಗಳಲ್ಲಿ ಒಳಗೆ ಕಾಲಿಟ್ಟರೆ ಕತ್ತಲಾಗುವಷ್ಟು ಎಲೆ ಇರಬೇಕಾದ ಜಾಗದಲ್ಲಿ ಬರೀ ತಂತಿ, ಕಲ್ಲುಕಂಬ. ತೋಳು ಎನ್ನುವುದು ಒಂದು ಬಳ್ಳಿಗೂ ಉಳಿದಿರಲಿಲ್ಲ. ಮೊಣಕಾಲೆತ್ತರದ ಮೋಟುಗಳು ಸಾಲಾಗಿ ನಿಂತಿದ್ದವು. ಅಕ್ಟೋಬರಿನ ಚಾಟ್ನಿಯಾದ ಮೇಲೆ ಹಣ್ಣು ಬಿಡಬೇಕಿದ್ದ ಕಡ್ಡಿಯೆಲ್ಲ ಬದುವಿನ ಮೇಲೆ ರಾಶಿ ಬಿದ್ದಿತ್ತು, ಎಲೆಯನ್ನು ಕುರಿ ತಿನ್ನುತ್ತಿದ್ದವು. ಈ ವರ್ಷದ ಬೆಳೆ ಹೋಗಿತ್ತು. ಬರುವ ವರ್ಷದ್ದೂ ಹೋದಂತೆಯೇ.

“ಯಾವಾಗ ಕಡದಿ?”

“ವಾಟ್ಸಾಪಿನಾಗ ನಿಮ್ಮ ಫೋಟೋ ಬಂತಲ್ರಿ, ಮರುದಿನಾನ. ಗಂಡ ಹೆಂಡ್ತಿ ಕೂಡಿ ನಾಕ ದಿನ ಕಡದ್ವಿ. ಫೋಟೋ ದೊಡ್ಡದ ಮಾಡಿ ನೋಡಿದ್ನಿ ನೋಡ್ರಿ, ಎಲ್ಲಿ ಕತ್ತರಿ ಇಟ್ಟೀರಿ ಅಂತ. ಒಂದ ಬೆರಳೂ ಹೆಚ್ಚು ಕಮ್ಮಿ ಆಗಿಲ್ರಿ.”

“ಲಗಮಣ್ಣ, ಇದು ಚಾಟ್ನಿ ಅಲ್ಲ. ಇದು ತಪ್ಪು. ನಾ ಅಲ್ಲಿ ಮಾಡಿದ್ದು ತಪ್ಪು. ನಿನ್ನ ತ್ವಾಟ ಹೋತು, ತಿಳೀತೇನ? ನನ್ನಿಂದ ಹೋತು.”

“ಹೌದ್ರಿ, ಹೌದ್ರಿ,” ಎಂದು ಲಗಮಣ್ಣ ಕಣ್ಣು ಮಿಟುಕಿಸಿದ. ಆಚೀಚೆ ಯಾರಾದರೂ ಇದ್ದಾರೇನೋ ಎಂದು ನೋಡಿದ.

“ಆಣಿ ಮಾಡಿ ಹೇಳ್ತೀನಿ.”

“ನೀವು ಭಾಳ ದೊಡ್ಡವರ್ರಿ ಸರ್.”

ಕೆಂಪವ್ವ ಗುಡಿಸಲಿನಿಂದ ಹೊರಗೆ ಬಂದಳು. ಹೊಸ ಸೀರೆ ಉಟ್ಟಿದ್ದಳು. ಕೈಯಲ್ಲಿ ಆರತಿಯ ತಟ್ಟೆ, ಕುಂಕುಮ, ಒಂದು ಹಣತೆ.

“ನಿಂದರ್ರಿ ಯಪ್ಪಾ. ನಿಮ್ಮ ಕೈಗುಣದಿಂದ ನಮ್ಮ ತ್ವಾಟ ಎದ್ದೀತು. ಆರತಿ ಮಾಡ್ತೀನಿ.”

“ಬ್ಯಾಡವ್ವಾ.”

“ಬ್ಯಾಡ ಅನಬಾರದ್ರಿ.”

ಅವಳು ಮುಂದೆ ಬಂದಳು. ದುಂಡೇಶ ಹಿಂದೆ ಸರಿದ. ಹಿಂದೆ ಕಲ್ಲುಕಂಬ. ಓಡಿಹೋಗಬಹುದಿತ್ತು, ಬೈಕು ಅಲ್ಲೇ ಇತ್ತು. ಓಡಿದರೆ ಅದನ್ನೂ ದೊಡ್ಡತನ ಎನ್ನುತ್ತಾರೆ. ಬಿಳಿ ಜುಬ್ಬಾ ಬಿಳಿ ಪಾಯಿಜಾಮದಲ್ಲೇ ಅವನು ಎರಡು ಮೋಟುಗಳ ನಡುವೆ, ಎರೆಮಣ್ಣಿನ ರಾಡಿಯಲ್ಲಿ, ಧೊಪ್ಪೆಂದು ಕುಳಿತುಬಿಟ್ಟ.

“ಬೈಯ್ರಿ ನನಗ,” ಎಂದ. “ಇಬ್ಬರೂ ಬೈಯ್ರಿ. ಬಾಯಿಗೆ ಬಂದಂಗ ಬೈಯ್ರಿ. ಬೈಯೂತನಕ ನಾ ಇಲ್ಲಿಂದ ಏಳಂಗಿಲ್ಲ.”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

“ಏಳ್ರಿ ಸರ್, ಅರಿವಿ ಹೊಲಸಾಕ್ಕಾವು,” ಎಂದ ಲಗಮಣ್ಣ.

“ಏಳಂಗಿಲ್ಲ.”

“ಇರ್ಲಿ ಬಿಡ್ರಿ,” ಎಂದು ಕೆಂಪವ್ವ ಗಂಡನಿಗೆ ಮೆಲ್ಲಗೆ ಹೇಳಿದಳು, “ಕುಂತವರಿಗೂ ಮಾಡಬಹುದು.”

ಕಡ್ಡಿ ಗೀರಿ ಹಣತೆ ಹಚ್ಚಿದಳು. ತಡೆಯಲು ಒಂದು ಎಲೆಯೂ ಇಲ್ಲದ ತೋಟದಲ್ಲಿ ಗಾಳಿ ನೇರ ಬಂದು ಅದನ್ನು ಆರಿಸಿತು. ಮತ್ತೆ ಹಚ್ಚಿದಳು, ಮತ್ತೆ ಆರಿತು. ಲಗಮಣ್ಣ ಕಂಬಳಿ ಬಿಚ್ಚಿ ಎರಡೂ ಕೈಯಲ್ಲಿ ಅಡ್ಡ ಹಿಡಿದ. ದುಂಡೇಶ ಮೋಟನ್ನು ಅವುಚಿ ಹಿಡಿದು, ಹಲ್ಲು ಕಚ್ಚಿ, ಏಳದೆ ಕುಳಿತ. ಕೆಂಪವ್ವ ಇನ್ನೊಂದು ಕಡ್ಡಿ ಗೀರಿದಳು.