ಅಳಿಸಬೇಡಿ

ಹೊಸ ಮೇಲ್ ಸರ್ವರಿನ ಲಾಗ್ ಡಿಸ್ಕಿನಲ್ಲಿ ಇನ್ನು ಮೂರೇ ಗಿಗಾಬೈಟ್ ಜಾಗ ಉಳಿದಿದೆ ಎಂದು ಸಹಾಯಕ ಡೆರ್ಲಿಸ್ ಹೇಳಿದಾಗ ನಿಮಿಯಾ ತೆರೆರೆ ಕುಡಿದ ಕೊಂಬಿನ ಲೋಟವನ್ನು ಅವನ ಕೈಗಿತ್ತು “ಗ್ರಾಸಿಯಾಸ್” ಅಂದಳು. ಎಲೆಪುಡಿಯ ಮೇಲೆ ತಣ್ಣೀರು ಹೊಯ್ದು ಕೊಳವೆಯಲ್ಲಿ ಹೀರುವ ತೆರೆರೆಯನ್ನು, ಕೃತಜ್ಞತೆಯ ಆ ಮಾತು ಹೇಳಿದವರಿಗೆ ಮತ್ತೆ ತುಂಬಿಸಿ ಕೊಡುವುದಿಲ್ಲ; ಸಾಕು ಎಂದೇ ಲೆಕ್ಕ.

“ಇಷ್ಟು ಬೇಗ ಸಾಕಾಯ್ತಾ, ಇಂಜಿನಿಯರಮ್ಮಾ?”

“ಡಿಸ್ಕ್ ತುಂಬಿದ್ರೆ ಮೇಲ್ ನಿಲ್ಲುತ್ತೆ. ಮೇಲ್ ನಿಂತ್ರೆ ಇಲ್ಲಿ ನನ್ನ ಕೆಲಸಾನೂ ಸಾಕಾಯ್ತು ಅಂತ್ಲೇ.”

ಅದು ಸೋಯಾ ಕೊಯ್ಲಿನ ಕಾಲ. ಯಾವ ದೋಣಿಗೆ ಯಾವ ಲಾರಿಯ ಕಾಳು ಎಂಬುದೆಲ್ಲ ಅವರು ಕೆಲಸ ಮಾಡುತ್ತಿದ್ದ ರೈತರ ಸಹಕಾರ ಸಂಘದಲ್ಲಿ ಮೇಲಿನಲ್ಲೇ ತೀರ್ಮಾನವಾಗುತ್ತಿತ್ತು. ಹಳೆಯ ಸರ್ವರಿನಿಂದ ಹೊಸದಕ್ಕೆ ಸಾಗಿಸುವ ಪ್ರತಿ ಮೇಲ್ ಕೂಡ ಲಾಗಿನಲ್ಲಿ ದಾಖಲಾಗುತ್ತದೆ. ಬ್ಯಾಕಪ್ ಮುಗಿದ ಮೇಲಷ್ಟೇ ಆ ಲಾಗುಗಳು ತಾವಾಗಿ ಅಳಿಯುತ್ತವೆ. ಶನಿವಾರದ ಸೆಕೆಗೆ ರಾಜಧಾನಿ ಅಸುನ್ಸಿಯೋನಿನ ಅರ್ಧ ಭಾಗದಲ್ಲಿ ಕರೆಂಟ್ ಹೋಗಿ ಬ್ಯಾಕಪ್ ಯಂತ್ರ ನಿಂತಿತ್ತು. ಜನರೇಟರಿನ ಮೇಲಿದ್ದ ಸರ್ವರ್ ಮಾತ್ರ ಸಾಗಣೆ ನಿಲ್ಲಿಸಿರಲಿಲ್ಲ. ಸೋಮವಾರ ಬೆಳಿಗ್ಗೆ ಬಂದ ನಿಮಿಯಾ ಸಾಗಣೆ ತಡೆದು ಬ್ಯಾಕಪ್ ಶುರು ಮಾಡಿದ್ದಳು. ಅದು ಮುಗಿಯಲು ಸಂಜೆಯಾಗುತ್ತಿತ್ತು. ಲಾರಿ ತೂಕದ ಫೋಟೊಗಳು ಮಾತ್ರ ಮೇಲಿನಲ್ಲಿ ಬರುತ್ತಲೇ ಇದ್ದು, ಉಳಿದ ಜಾಗವನ್ನೂ ತಿನ್ನುತ್ತಿದ್ದವು.

“ಹಳೇ ಲಾಗುಗಳನ್ನ ನಾವೇ ಅಳಿಸಿಬಿಡೋಣ,” ಎಂದ ಡೆರ್ಲಿಸ್.

“ಆಮೇಲೆ ಏನಾದ್ರೂ ಕೆಟ್ರೆ ಯಾವುದರಿಂದ ವಾಪಸ್ ತರ್ತೀಯ? ನಿಮ್ಮತ್ತೆ ಪ್ರಾರ್ಥನೆಯಿಂದನಾ?”

“ಹಾಗಾದ್ರೆ ಇದು?”

ಅದೇ ಡಿಸ್ಕಿನಲ್ಲಿ ನಲವತ್ತು ಗಿಗಾಬೈಟಿನ ಒಂದು ಫೈಲ್ ಇತ್ತು. ಹೆಸರು ‘ಅಳಿಸಬೇಡಿ’. ಅದನ್ನು ಇಟ್ಟವರು ಹಳೆಯ ಸರ್ವರನ್ನು ನೋಡಿಕೊಳ್ಳುತ್ತಿದ್ದ ದೋನ್ ಏವೆಲಿಯೊ. ಕೆಲಸ ಬಿಡುವ ಕೊನೆಯ ವಾರದಲ್ಲಿ ಹೊಸ ಸರ್ವರಿನ ಡಿಸ್ಕುಗಳನ್ನು ಅಣಿಗೊಳಿಸಿದ್ದು ಅವರೇ. ಹಳೆಯ ಸರ್ವರಿಗೂ ಅದನ್ನು ನೋಡಿಕೊಳ್ಳುವವರಿಗೂ ಒಟ್ಟಿಗೇ ವಯಸ್ಸಾಗಿದೆ ಎಂದು ನಿಮಿಯಾ ಸಭೆಯಲ್ಲಿ ಹೇಳಿದ್ದಳು. ಎಲ್ಲರೂ ನಕ್ಕಿದ್ದರು. ಏವೆಲಿಯೊ ಅಲ್ಲೇ ಕೂತಿದ್ದರು. ಅವರ ಬೀಳ್ಕೊಡುಗೆಯ ಊಟಕ್ಕೆ ಅವಳು ಹೋಗಿರಲಿಲ್ಲ.

ಉಳಿದ ಜಾಗ ಎರಡು ಗಿಗಾಬೈಟಿಗೆ ಇಳಿದಾಗ ಅವಳು ಏವೆಲಿಯೊಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಆ ಕಡೆ ಕೋಳಿಗಳ ಸದ್ದು.

“ಓಹೋ, ಹೊಸ ಸರ್ವರಿನ ಯಜಮಾನಿ!”

“ದೋನ್ ಏವೆಲಿಯೊ, ಆ ‘ಅಳಿಸಬೇಡಿ’ ಫೈಲಿನಲ್ಲಿ ಏನಿದೆ?”

“ಏನೂ ಇಲ್ಲ.”

“ನಲವತ್ತು ಗಿಗಾಬೈಟ್ ಏನೂ ಇಲ್ವಾ?”

“ಬರೀ ಸೊನ್ನೆ, ಮಗಳೇ. ಸುಮ್ನೆ ಜಾಗ ಹಿಡ್ಕೊಂಡು ಕೂತಿರ್ಲಿ ಅಂತ ಇಟ್ಟಿದ್ದು. ಜಾಗ ಬೇಕಾದ ದಿನ ಎದ್ದು ಹೋಗುತ್ತೆ, ನನ್ನ ಹಾಗೇ.” ಅವರು ಕೆಮ್ಮಿದರು. “ಶನಿವಾರ ನಿಮ್ಮ ಕಡೆ ಕರೆಂಟ್ ಹೋಗಿತ್ತಂತಲ್ಲ. ಬ್ಯಾಕಪ್ ನಿಂತಿತ್ತಾ?”

“ಹೂಂ.”

“ಅಳಿಸು. ಕೆಲಸ ಮುಗಿದ್ಮೇಲೆ ಮತ್ತೆ ಇಡೋದು ಮರೀಬೇಡ.”

“ಮತ್ತೆ ಅಳಿಸಬೇಡಿ ಅಂತ ಯಾಕೆ ಬರೆದ್ರಿ?”

“ಬರೀದಿದ್ರೆ ಡೆರ್ಲಿಸ್ ಮೊದಲ ದಿನವೇ ಅಳಿಸ್ತಿದ್ದ.”

ಡೆರ್ಲಿಸ್ ಕಿಟಕಿಯ ಕಡೆ ನೋಡಿದ. ನಿಮಿಯಾ ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಅವರು ಫೋನ್ ಇಟ್ಟಿದ್ದರು.

ಫೈಲ್ ಹೋಯಿತು, ಜಾಗವಾಯಿತು. ಸಂಜೆ ಬ್ಯಾಕಪ್ ಮುಗಿದು ಲಾಗುಗಳು ಅಳಿದವು. ಮನೆಗೆ ಹೊರಡುವ ಮುನ್ನ ನಿಮಿಯಾ ಸೊನ್ನೆಗಳ ಫೈಲನ್ನು ಅದೇ ಹೆಸರಿನಲ್ಲಿ ಮತ್ತೆ ಇಟ್ಟಳು.

ಭಾನುವಾರ ಅವಳು ಬಸ್ಸು ಹತ್ತಿ ಪಕ್ಕದ ಲುಕೆ ಊರಿನಲ್ಲಿದ್ದ ಏವೆಲಿಯೊ ಅವರ ಮನೆಗೆ ಹೋದಳು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು. ಏವೆಲಿಯೊ ಮಾವಿನ ಮರದಡಿ ಕೂತಿದ್ದರು. ಯಾಕೆ ಬಂದೆ ಎಂದು ಕೇಳಲಿಲ್ಲ. ಇನ್ನೊಂದು ಕುರ್ಚಿಯನ್ನು ನೆರಳಿಗೆ ಎಳೆದರು. ಕೊಂಬಿನ ಲೋಟಕ್ಕೆ ಮಂಜುಗಡ್ಡೆಯ ನೀರು ಹೊಯ್ದು ಕೊಟ್ಟರು.

ಅವಳು ಕೊಳವೆ ಗೊರಗೊರ ಅನ್ನುವವರೆಗೂ ಹೀರಿ ಲೋಟವನ್ನು ಮರಳಿ ಕೊಟ್ಟಳು. ‘ಗ್ರಾಸಿಯಾಸ್’ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಅಲ್ಲೇ ತಡೆದಳು.

ಏವೆಲಿಯೊ ಲೋಟ ಹಿಡಿದು ಸ್ವಲ್ಪ ಹೊತ್ತು ಕಾದರು. ಆಮೇಲೆ ಹೂಜಿಯನ್ನು ಎತ್ತಿ ಮತ್ತೆ ನೀರು ಹೊಯ್ಯತೊಡಗಿದರು.