ಭಾವನ ಕಾಲಡಿಯ ಬ್ರೇಕು

ನನ್ನ ಭಾವನ ಕಾಲಡಿಯಲ್ಲಿ ಸದಾ ಒಂದು ಬ್ರೇಕು ಇರುತ್ತಿತ್ತು; ಅದು ಕಾಣುತ್ತಿದ್ದದ್ದು ಅವರೊಬ್ಬರಿಗೇ. ಚಾಲಕನ ಪಕ್ಕ ಕೂತವರೇ ಬಲಗಾಲನ್ನು ಮುಂದಕ್ಕೆ ಚಾಚಿ, ಎದುರಿಗೆ ಲಾರಿ ಕಂಡಾಗಲೆಲ್ಲ ಬರೀ ನೆಲವನ್ನು ಒತ್ತಿ ಒತ್ತಿ, ದಿನವೂ ಹೋಗಿಬರುವ ಟ್ಯಾಕ್ಸಿಯ ರಬ್ಬರು ಹಾಸನ್ನೇ ತೂತು ಮಾಡಿದ್ದರು.

ನಾವು ಆಗ ಇದ್ದ ಪರದೇಶದಲ್ಲಿ, ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಕೂರಿಸುವುದು ಅವರ ಕೆಲಸ. ಹಗಲೆಲ್ಲ ಪರರ ದೃಷ್ಟಿಯನ್ನು ತಿದ್ದುವ ಮನುಷ್ಯ ಬೀದಿಗಿಳಿದರೆ ಕಣ್ಣುಮುಚ್ಚಿ ದೇವರನ್ನು ನೆನೆಯಬೇಕು, ಅಂಥ ರಸ್ತೆ, ಅಂಥ ಚಾಲಕರು! ಹೊಂಡ ತಪ್ಪಿಸುವ ನೆಪದಲ್ಲಿ ಎಲ್ಲರೂ ಎದುರಿನವರ ಪಾಲಿನ ದಾರಿಗೇ ನುಗ್ಗುತ್ತಿದ್ದರು. ಅದಕ್ಕೇ ಭಾವ ಹಾಲು ತರಲು ಹೊರಟರೂ ಮೈಮೇಲೆ ಹೊಳೆಯುವ ಕಿತ್ತಳೆ ಬಣ್ಣದ ಕೋಟು, ಕೈಯಲ್ಲಿ ಉದ್ದನೆಯ ಕೊಡೆ. ನೀರು ನಿಂತಲ್ಲಿ ಕೊಡೆಯ ತುದಿಯಿಳಿಸಿ ಆಳ ನೋಡದೆ ಹೆಜ್ಜೆಯಿಡುವವರಲ್ಲ.

"ನಿಮ್ಮ ಜೊತೆ ನಡೆದ್ರೆ ನನ್ನ ಮರ್ಯಾದೆ ಮೂರಾಬಟ್ಟೆ ಆಗತ್ತೆ ಕಣ್ರೀ," ಎನ್ನುತ್ತಿದ್ದಳು ಅಕ್ಕ.

"ಹೋಗ್ಲಿ ಬಿಡೇ, ಮರ್ಯಾದೆ ಹೋದ್ರೆ ಮತ್ತೆ ಬರತ್ತೆ."

ಅವರ ಮನೆಯಲ್ಲೇ ಉಂಡು, ಬೆನ್ನ ಹಿಂದೆ ಅವರನ್ನು ಪುಕ್ಕಲು ಭಾವ ಎಂದು ಕರೆಯುತ್ತಿದ್ದವನು ನಾನು.

ಒಂದು ಮಧ್ಯಾಹ್ನ, ಧಾರಾಕಾರ ಮಳೆಯಲ್ಲೇ, ತುಂಬು ಗರ್ಭಿಣಿ ಅಕ್ಕನಿಗೆ ನೋವು ಕಾಣಿಸಿಕೊಂಡಿತು. ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಚಾಲಕ ಮೈಮೇಲೆ ಬಂದವನಂತೆ ಓಡಿಸುತ್ತಿದ್ದ; ಒಂದೊಂದು ಹೊಂಡಕ್ಕೂ ಅಕ್ಕ ಚೀರುತ್ತಿದ್ದಳು. "ಅಯ್ಯೋ, ಇಲ್ಲೇ ಆಗ್ಬಿಡತ್ತೆ ಕಣೋ!"

ಮುಂದೆ ರಸ್ತೆಯೇ ಇರಲಿಲ್ಲ, ಬರೀ ಕೆಂಪು ನೀರು. ಅದರೊಳಗೆ ಬಸ್ಸೊಂದು ಮುಂಗಾಲು ಮುರಿದ ಎತ್ತಿನ ಹಾಗೆ ವಾಲಿಕೊಂಡಿತ್ತು. ಹಿಂದೆ ಲಾರಿಗಳ ಹಾರ್ನ್ ಸದ್ದು. ನಮ್ಮ ಚಾಲಕ ಹಲ್ಲುಕಚ್ಚಿ ನುಗ್ಗಿಸಲು ಹೊರಟ. ಭಾವನ ಕಾಲು ಎಂದಿನಂತೆ ನೆಲ ಒತ್ತಿತು. ಆದರೆ ಅಂದು ಅವರ ಕೈ ಥಟ್ಟನೆ ಚಾಚಿ ಕೀಲಿಯನ್ನೇ ತಿರುಗಿಸಿ ಎಂಜಿನ್ ನಿಲ್ಲಿಸಿತು.

"ಅಕ್ಕನ್ನ ಗಟ್ಟಿಯಾಗಿ ಹಿಡ್ಕೋ," ಎಂದವರೇ ಮಳೆಗೆ ಇಳಿದರು.

ಮೊಣಕಾಲುದ್ದ ನೀರಿನಲ್ಲಿ, ಕೊಡೆಯಿಂದ ನೆಲ ತಡವುತ್ತ, ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿ ಬಾ ಬಾ ಎಂದು ಸನ್ನೆ ಮಾಡುತ್ತ ಆ ಕಿತ್ತಳೆ ಕೋಟು ಮುಂದೆ ಮುಂದೆ ಸಾಗಿತು. ಬೈಯುತ್ತಲೇ ಚಾಲಕ ಗಾಡಿ ಹೊರಡಿಸಿ ಹಿಂಬಾಲಿಸಿದ. ಎದುರಿನಿಂದ ಲಾರಿಯೊಂದು ಅವರ ತೋಳು ಸವರಿಕೊಂಡೇ ಹೋಯಿತು. ಭಾವ ಒಮ್ಮೆ ತತ್ತರಿಸಿ, ನಿಂತು, ಮತ್ತೆ ಕೊಡೆ ಊರಿದರು.

ಆಸ್ಪತ್ರೆ ತಲುಪಿದ ಸ್ವಲ್ಪ ಹೊತ್ತಿಗೇ ಒಳಗಿನಿಂದ ಮಗುವಿನ ಅಳು ಕೇಳಿಸಿತು. ಹೊರಗೆ ಬೆಂಚಿನ ಮೇಲೆ ಕೂತ ಭಾವ ಒದ್ದೆ ಕೋಟಿನ ಒಂದೇ ಗುಂಡಿಯನ್ನು ತಡಕಾಡುತ್ತಿದ್ದರು. ನಾನೇ ಬಿಚ್ಚಿದೆ.

"ಭಯ ಆಗ್ಲಿಲ್ವಾ ಭಾವ?"

"ಆಗದೆ ಏನಯ್ಯಾ? ಕಾಲು ಇನ್ನೂ ನಡುಗ್ತಿದೆ ನೋಡು."

ಪುಕ್ಕಲರೆಂದು ನಾವು ನಗುವ ಜನರೇ ಹಾಗೆ. ಅಪಾಯವನ್ನು ಒಂದು ಕ್ಷಣವೂ ಮರೆಯದ ಅವರು, ತಮ್ಮವರ ಮೇಲೆ ಅದು ಎರಗಿದಾಗ, ನಡುಗುತ್ತಲೇ ಮುಂದೆ ನಡೆಯುತ್ತಾರೆ. ನಮ್ಮಂಥ ಧೈರ್ಯವಂತರು ಹಿಂದಿನ ಸೀಟಿನಲ್ಲಿ ಕೂತಿರುತ್ತೇವೆ.