ಬುಟ್ಟಿಯಲ್ಲಿದ್ದ ಅಬ್ಬಲಿಗೆ

ಅಂಕೋಲೆಯ ಕೋರ್ಟಿನ ಜವಾನ ಹೆಸರು ಕೂಗಿ ಮುಗಿಸುವ ಮೊದಲೇ ಬೆಳಂಬಾರದ ಸುಗಂಧಾ ಒಳಗೆ ಬಂದು ನಿಂತಳು. ಹಿಂದೆಯೇ ಗೆಳತಿ ಗಂಗಿ. ಗಂಗಿಯ ಬುಟ್ಟಿಯಲ್ಲಿ ಇವತ್ತು ಬಂಗಡೆ ಮೀನು ಇರಲಿಲ್ಲ. ಬಾಳೆಎಲೆಯಲ್ಲಿ ಸುತ್ತಿದ ಅಬ್ಬಲಿಗೆ ಹೂವಿನ ದಂಡೆ ಇತ್ತು.

ಮೀನು ಮಾರಲು ಸೂರು ಬೇಕೆಂದು ಹೆದ್ದಾರಿಯ ಮೇಲೆ ಬುಟ್ಟಿಯಿಟ್ಟು ಕೂತದ್ದಕ್ಕೆ ಇಬ್ಬರ ಮೇಲೂ ಕೇಸು. ಗಂಟಲು ದೊಡ್ಡದಾದ್ದರಿಂದ ಸುಗಂಧಾ ಒಂದನೇ ಆರೋಪಿ. ಆ ಹೆಸರು ಹೋಗುವವರೆಗೆ ಹೂ ಮುಡಿಯುವುದಿಲ್ಲ ಎಂದು ಅವಳು ಅಂದೇ ಹಟ ಹಿಡಿದಿದ್ದಳು. ಈಗ ಮಗಳು ನಾಗಶ್ರೀಯ ಮದುವೆ ಹತ್ತಿರ ಬಂದಿತ್ತು. ಬೋಳು ತುರುಬಿನಲ್ಲಿ ಮಗಳನ್ನು ಧಾರೆ ಎರೆಯುವುದು ಹೇಗೆಂದು ಅವಳಿಗೆ ನಿದ್ದೆಯೇ ಬರುತ್ತಿರಲಿಲ್ಲ.

ಸರಕಾರಿ ವಕೀಲೆ ವೈಜಯಂತಿ ಎದ್ದು ನಿಂತರು. "ಸ್ವಾಮಿ, ಈ ಕೇಸು ಹಿಂತೆಗೆದುಕೊಳ್ಳಲು ಅನುಮತಿ ಬೇಕು."

ನ್ಯಾಯಾಧೀಶರು ಕನ್ನಡಕ ಏರಿಸಿದರು. "ಸರಕಾರ ಹೇಳಿತು ಅಂತಲೋ, ನಿಮಗೇ ಅನಿಸಿತು ಅಂತಲೋ?"

"ಸರಕಾರವೇ ಬ್ಯಾಡ ಅಂದ್ಮೇಲೆ ಇವ್ರದ್ದೆಂತಾ ತಕರಾರು ಮಾರಾಯ್ತಿ?" ಗಂಗಿ ಪಿಸುಗುಟ್ಟಿದಳು.

"ಸುಮ್ನಿರೇ!"

"ಸರಕಾರ ಬರೆದದ್ದು ಹೌದು," ವೈಜಯಂತಿ ಹೇಳಿದರು. "ಆದರೆ ನಾನೇ ಹೋಗಿ ನೋಡಿ ಬಂದೆ. ಇವರು ಕೇಳಿದ ಸೂರು ಎದ್ದಿದೆ. ಬಸ್ಸು ತಡೆದರೆಂದು ಸಾಕ್ಷಿ ಹೇಳಿದ ಡ್ರೈವರೇ ಅಲ್ಲಿ ಇವರ ಹತ್ತಿರ ಬಂಗಡೆಗೆ ಚೌಕಾಸಿ ಮಾಡುತ್ತಿದ್ದ. ಕೇಸು ಎಳೆದರೆ ಯಾರಿಗೂ ಉಪಕಾರವಿಲ್ಲ. ಇದು ನನ್ನದೇ ತೀರ್ಮಾನ."

"ಒಪ್ಪುವುದು ಬಿಡುವುದು ನನ್ನ ತೀರ್ಮಾನ," ಎಂದು ನ್ಯಾಯಾಧೀಶರು ಕಡತ ತಿರುವತೊಡಗಿದರು. ಒಂದು ಪುಟ ಹಿಂದೆ ಹೋದರು, ಮತ್ತೆ ಓದಿದರು. ಸುಗಂಧಾ ಸೆರಗಿನ ತುದಿಯನ್ನು ಹಿಂಡಿ ಹಿಪ್ಪೆ ಮಾಡಿದ್ದಳು.

"ಒಪ್ಪಿದೆ. ಇಬ್ಬರೂ ಖುಲಾಸೆ."

"ಅಂದ್ರೆ ನಾ ಈಗ ಆರೋಪಿ ಅಲ್ಲಾ ಸಾಹೇಬ್ರೇ?" ಸುಗಂಧಾಳ ದನಿ ಕೋರ್ಟೆಲ್ಲ ಮೊಳಗಿತು.

"ಅಲ್ಲ. ಇನ್ನೂ ಕೂಗಿದರೆ ಆಗ್ತೀರಿ," ಎಂದ ನ್ಯಾಯಾಧೀಶರು ನಗು ತಡೆಯಲು ಕೆಮ್ಮಿದರು.

ಜಗಲಿಗೆ ಬಂದದ್ದೇ ಗಂಗಿ ಎಲೆ ಬಿಚ್ಚಿ ಗೆಳತಿಯ ತುರುಬಿಗೆ ದಂಡೆ ಸುತ್ತಿದಳು. ಸುಗಂಧಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ನೀರು ಕುಡಿಯಲು ಹೊರಬಂದ ವೈಜಯಂತಿಯ ದಾರಿಗೆ ಅವಳು ಅಡ್ಡ ನಿಂತು, ತನ್ನ ದಂಡೆಯಿಂದ ಒಂದು ತುಂಡು ಕಿತ್ತಳು.

"ಅಕ್ಕೋರೆ, ಸ್ವಲ್ಪ ಬಗ್ಗಿ."

"ಅಯ್ಯೋ, ಬೇಡಮ್ಮ. ಕೇಸಿನವರಿಂದ ನಾನು ಏನೂ ತಗೊಳ್ಳುವಂತಿಲ್ಲ."

"ಕೇಸೇ ಇಲ್ವಲ್ರಾ ಈಗ! ಬಗ್ಗಿ ಅಂದೆ."

ವೈಜಯಂತಿ ನಕ್ಕು ಬಗ್ಗಿದರು.

ಮುಂದಿನ ಕೇಸಿಗೆ ಅವರು ಒಳಗೆ ನಿಂತಾಗ ಕಪ್ಪು ಕೋಟಿನ ಮೇಲೆ ಇಳಿದ ಜಡೆಯಲ್ಲಿ ಕೇಸರಿ ಅಬ್ಬಲಿಗೆ ಇತ್ತು. ನ್ಯಾಯಾಧೀಶರು ಒಮ್ಮೆ ನೋಡಿದರು. ಕನ್ನಡಕ ಸರಿಮಾಡಿಕೊಂಡು, ಮುಂದಿನ ಹೆಸರು ಕೂಗಲು ಜವಾನನಿಗೆ ಸನ್ನೆ ಮಾಡಿದರು.